ಕಾಳಿ ದಂಡೆಯ ಮನೆಗಳು, ಬಾಸೆಲಿನ ಮಕ್ಕಳು

ಕಾರವಾರದ ಪೇಟೆ ಬಿಟ್ಟು ಕಾಳಿ ನದಿಯನ್ನು ಎಡಗಡೆಗೆ ಇಟ್ಟುಕೊಂಡು ಮೂಡಣಕ್ಕೆ ಹೊರಟರೆ ಕಡವಾಡ, ಕಿನ್ನರದಂಥ ಊರುಗಳು ಸಿಗುತ್ತವೆ. ಸಮುದ್ರ ಹಿಂದೆ ಉಳಿಯುತ್ತದೆ, ಉಪ್ಪು ಮಾತ್ರ ಬೆನ್ನು ಬಿಡುವುದಿಲ್ಲ. ಭರತದ ನೀರು ನದಿಯೊಳಗೆ ಬಹುದೂರ ನುಗ್ಗುವುದರಿಂದ ಈ ಸೀಮೆಯ ತಗ್ಗಿನ ಗದ್ದೆಗಳಿಗೆಲ್ಲ ಒಡ್ಡು ಹಾಕಿ ಕಾಯಬೇಕು. ಪ್ರವಾಸಿಗಳಿಗೆ ಇದು ಕದ್ರಾ ಅಣೆಕಟ್ಟಿಗೋ ಕೈಗಾ ಸ್ಥಾವರಕ್ಕೋ ಹೋಗುವ ದಾರಿ, ಅಷ್ಟೇ. ಆದರೆ ನಿಧಾನವಾಗಿ ಹೋಗುವವರ ಕಣ್ಣಿಗೆ ಕಾರವಾರ ತಾಲ್ಲೂಕಿನ ಊರುಗಳಲ್ಲಿ ಒಂದು ಸಂಗತಿ ಬೀಳದೆ ಇರುವುದಿಲ್ಲ. ಒಂದು ಅಂಗಳದಲ್ಲಿ ತುಳಸಿಕಟ್ಟೆ, ಬೇಲಿಯಾಚೆಯ ಅಂಗಳದಲ್ಲಿ ಸುಣ್ಣ ಬಳಿದ ಶಿಲುಬೆ. ಎರಡೂ ಮನೆಯವರದು ಕೊಂಕಣಿಯೇ, ಎರಡೂ ಅಡುಗೆಮನೆಯಲ್ಲಿ ಕುದಿಯುವುದು ಮೀನಿನ ಸಾರೇ. ಮಿಷನರಿ ಎಂದೊಡನೆ ಕನ್ನಡ ಓದುಗನಿಗೆ ಕಿಟ್ಟೆಲ್, ಮೋಗ್ಲಿಂಗ್, 1843ರ ಮಂಗಳೂರ ಸಮಾಚಾರ, ಕೆಂಪು ಹೆಂಚು ನೆನಪಾಗುತ್ತವೆ. ಈ ಶಿಲುಬೆಗಳಿಗೂ ಆ ಹೆಸರುಗಳಿಗೂ ಏನೇನೂ ಸಂಬಂಧವಿಲ್ಲ. ಒಂದೇ ಕರಾವಳಿಯ ಎರಡು ತುದಿಗಳಲ್ಲಿ ಒಂದೇ ಧರ್ಮ ಇಷ್ಟು ಬೇರೆಯಾಗಿ ನೆಲೆಗೊಂಡದ್ದು ಯಾಕೆ? ನನಗೆ ಕಾಣುವ ಉತ್ತರ ಇದು: ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಸಭೆ ಮೊದಲು ಹುಟ್ಟಿತು, ಸಂಸಾರವನ್ನು ಆಮೇಲೆ ಕಟ್ಟಬೇಕಾಯಿತು. ಕಾರವಾರದ ಕಡೆ ಸಂಸಾರಗಳು ಮೊದಲು ಬಂದವು, ಪಾದ್ರಿ ಅವುಗಳನ್ನು ಹುಡುಕಿಕೊಂಡು ಆಮೇಲೆ ಬಂದ. ಪ್ರಾಟೆಸ್ಟೆಂಟ್ ಸಭೆಗಳು ಈಗ ಬೇಸಗೆ ರಜೆಯಲ್ಲಿ ನಡೆಸುವ ಕುಟುಂಬ ಶಿಬಿರಗಳ ಬೇರು ಕೂಡ ಈ ವ್ಯತ್ಯಾಸದಲ್ಲೇ ಇದೆ.

ಮೊದಲು ದಕ್ಷಿಣದ ಕಥೆ. ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನ್ನುಗಳಿಗೂ ಬಾಗಿಲು ತೆರೆದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಬಂದವರು ಹೆಚ್ಚಿನವರು ಜರ್ಮನಿಯ ವ್ಯುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು, ಬಹುಪಾಲು ಮದುವೆಯಾಗದ ತರುಣರು. ಮದುವೆಗೆ ಬಾಸೆಲಿನ ಸಮಿತಿಯ ಅಪ್ಪಣೆ ಬೇಕಿತ್ತು. ಕೆಲವು ವರ್ಷ ಕೆಲಸ ಮಾಡಿ ಯೋಗ್ಯತೆ ತೋರಿಸಿದ ಮೇಲೆ ಅರ್ಜಿ ಹಾಕಬೇಕು, ಸಮಿತಿ ಹೆಣ್ಣಿನ ಗುಣ, ಆರೋಗ್ಯ, ಭಕ್ತಿ ಎಲ್ಲ ವಿಚಾರಿಸಬೇಕು. ಒಪ್ಪಿಗೆ ಬಿದ್ದರೆ ಆ ಹೆಣ್ಣು ಎಷ್ಟೋ ಸಲ ಮುಖವನ್ನೇ ನೋಡದ ಗಂಡನನ್ನು ಹುಡುಕಿ ಹಡಗು ಹತ್ತುತ್ತಿದ್ದಳು. ನಮ್ಮವರ ಹೆಣ್ಣು ನೋಡುವ ಶಾಸ್ತ್ರವನ್ನು ಅನಾಗರಿಕವೆಂದು ಬರೆದ ಯುರೋಪಿಯನ್ನರು ಕಡಮೆ ಇಲ್ಲ. ಬಾಸೆಲಿನ ಸಮಿತಿಯ ಎದುರು ನಮ್ಮ ಸೋದರಮಾವಂದಿರು ಎಷ್ಟೋ ವಾಸಿ, ಹುಡುಗಿಯನ್ನು ಒಂದು ಸಲವಾದರೂ ತೋರಿಸುತ್ತಿದ್ದರು.

ಆ ಸಂಸಾರ ಹೂಡಿದ ಮೇಲೂ ಪೂರ್ತಿ ಅವರದಾಗುತ್ತಿರಲಿಲ್ಲ. ಕಾಲರಾ, ಜ್ವರ, ಬಾಣಂತಿ ಸಾವು ಒಂದು ಕಡೆ. ಕಿಟ್ಟೆಲ್ ಅವರ ಮೊದಲ ಹೆಂಡತಿ ತೀರಿಕೊಂಡಾಗ ಅವರು ಆಕೆಯ ಸೋದರಿಯನ್ನೇ ಮದುವೆಯಾದರು. ಬೈಬಲಿನ ಕನ್ನಡ ಭಾಷಾಂತರದಲ್ಲಿ ದುಡಿದ ವೈಗ್ಲೆ ತೀರಿಕೊಂಡ ಮೇಲೆ ಅವರ ಹೆಂಡತಿ ಪೌಲೀನಾಳನ್ನು ಬಂಧುವೂ ಆಗಿದ್ದ ಮೋಗ್ಲಿಂಗ್ ಮದುವೆಯಾದರು, ಆಕೆಯ ಆರೋಗ್ಯ ಕೆಟ್ಟಿತೆಂದು 1860ರಲ್ಲಿ ಭಾರತವನ್ನೇ ಬಿಟ್ಟರು. ಅದಕ್ಕಿಂತ ದೊಡ್ಡ ಬೆಲೆ ಮಕ್ಕಳದು. ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಅವರನ್ನು ಯುರೋಪಿಗೆ ಕಳಿಸುವ ಪದ್ಧತಿ ಇತ್ತು. 1850ರ ದಶಕದಲ್ಲಿ ಬಾಸೆಲಿನಲ್ಲಿ ಅವರಿಗಾಗಿಯೇ ಒಂದು ಮನೆ ತೆರೆಯಿತು. ನೆರೆಯ ತಲಶ್ಶೇರಿಯಲ್ಲಿ ಮಲಯಾಳಕ್ಕೆ ನಿಘಂಟು ಕಟ್ಟಿದ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಅಲ್ಲೇ ಹುಟ್ಟಿದವಳು. ಶಾಲೆಯ ವಯಸ್ಸೂ ಆಗುವ ಮೊದಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. ಅವಳು ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿಹರೆಯದಲ್ಲಿ. ಮುಂದೆ ಆಕೆ ಮಂಗಳೂರಿನಲ್ಲಿ ಕೆಲಕಾಲ ಮಿಷನರಿಯಾಗಿದ್ದ ಯೊಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. 1911ರಲ್ಲಿ ಪೂರ್ವಕ್ಕೆ ಹೊರಟ ಅವನು ಸಿಲೋನು, ಸುಮಾತ್ರಾ ನೋಡಿಯೂ ಅಜ್ಜ ದುಡಿದ ಮಲಬಾರಿಗೆ ಕಾಲಿಡದೆ ಹಿಂದಿರುಗಿದ. ಮಿಷನರಿ ಜೀವನವನ್ನು ಹೊಗಳುವವರು ನಿಘಂಟಿನ ಪುಟ ಎಣಿಸುತ್ತಾರೆ, ತೆಗಳುವವರು ಮತಾಂತರದ ತಲೆ ಎಣಿಸುತ್ತಾರೆ. ತಾಯಿಯ ಮುಖ ಮರೆತ ಮಕ್ಕಳ ಲೆಕ್ಕ ಎರಡೂ ಪಕ್ಷದವರ ಖಾತೆಯಲ್ಲಿ ಇಲ್ಲ.

ಸ್ವಂತ ಮನೆ ಹೀಗೆ ಹರಿದುಹೋಗಿದ್ದವರು ಇನ್ನೊಬ್ಬರ ಮನೆಯನ್ನೂ ಹರಿದರು ಎಂಬುದು ಸುಳ್ಳಲ್ಲ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕುದಿಯಿತು. ಎಳೆಯ ಹೆಂಡತಿ ಅವರ ಪಾಲಿಗೆ ಉಳಿಯಲಿಲ್ಲ. ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದ ಅವರು 1860ರಲ್ಲಿ ಮದುವೆಯಾದದ್ದು ಜರ್ಮನ್ ಹೆಣ್ಣನ್ನು. ಮೇಲ್ಜಾತಿಯ ಓದಿದ ಮನುಷ್ಯನ ಪಾಡು ಇದಾದರೆ ಒಬ್ಬ ಬಿಲ್ಲವನ, ಒಬ್ಬ ನೇಕಾರನ ಪಾಡು ಊಹಿಸಬಹುದು. ಜಾತಿಯಿಂದ ಹೊರಬಿದ್ದವನಿಗೆ ಊರ ಬಾವಿ ಇಲ್ಲ, ಒಕ್ಕಲಿನ ಗದ್ದೆ ಇಲ್ಲ, ಮಗಳಿಗೆ ಗಂಡು ಇಲ್ಲ, ಸತ್ತರೆ ಹೊರಲು ಹೆಗಲಿಲ್ಲ. ಮಿಷನ್ನಿನ ಪ್ರಸಿದ್ಧ ಉದ್ಯಮಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1841ರ ಕಲ್ಲಚ್ಚಿನ ಮುದ್ರಣಾಲಯ, 1850ರ ದಶಕದ ಮಗ್ಗಗಳು, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಇವೆಲ್ಲ ವ್ಯಾಪಾರದ ಚತುರತೆಯಿಂದ ಹುಟ್ಟಿದವಲ್ಲ. ಕಸುಬು ಕಳೆದುಕೊಂಡವರ ಒಲೆ ಹೊತ್ತಬೇಕಾಗಿತ್ತು. ಬಲ್ಮಠದ ಸುತ್ತಿನ ಮನೆಗಳು, ಮೂಲ್ಕಿಯ ಹೆಣ್ಣುಮಕ್ಕಳ ಅನಾಥಾಲಯ, ಮದುವೆ, ಜಗಳ, ಕುಡಿತಗಳನ್ನೆಲ್ಲ ವಿಚಾರಿಸುತ್ತಿದ್ದ ಸಭೆಯ ಹಿರಿಯರು, ಎಲ್ಲವೂ ಸೇರಿ ಒಂದು ಕೃತಕ ಕುಲವನ್ನು ಕಟ್ಟಿದವು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲೇಬೇಕಾಗಿದ್ದ, ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತರಲೇಬೇಕಾಗಿದ್ದ ಕುಲ ಅದು.

ಸಭೆಯೆಲ್ಲ ಒಟ್ಟಿಗೆ ಕೂಡುವ ಕಾರ್ಯಕ್ರಮಗಳಿಗೆ ಅಲ್ಲಿ ಇಷ್ಟು ಮಹತ್ವ ಬಂದದ್ದು ಅದಕ್ಕೇ. ಮೊದಲ ಬೆಳೆಯನ್ನು, ಕುಂಬಳಕಾಯಿ, ಕೋಳಿ, ಬಾಳೆಗೊನೆಯನ್ನು ತಂದು ಹರಾಜು ಹಾಕುವ ಬೆಳೆಹಬ್ಬ, ಮಕ್ಕಳಿಗೆ ರಜೆಯ ಬೈಬಲ್ ಶಾಲೆ, ಹೆಂಗಸರ ಅನ್ಯೋನ್ಯ ಕೂಟ, ಈಚಿನ ತಲೆಮಾರುಗಳಲ್ಲಿ ಊರ ಹೊರಗೆ ಎರಡು ಮೂರು ದಿನ ನಡೆಯುವ ಕುಟುಂಬ ಶಿಬಿರ. ಶಿಬಿರದಲ್ಲಿ ಬೆಳಿಗ್ಗೆ ಪ್ರಾರ್ಥನೆ, ವೇದಪಾಠ, ಅಯ್ಯನವರ ಪ್ರಸಂಗ ಎಲ್ಲ ಇರುತ್ತದೆ, ನಿಜ. ಆದರೆ ಒಂದೇ ಅಡುಗೆ ಉಣ್ಣುವುದು, ಮಕ್ಕಳು ಯಾರ ತಾಯಿಯ ಮಡಿಲಲ್ಲಾದರೂ ಮಲಗುವುದು, ಮದುವೆಗೆ ಬಂದ ಗಂಡು ಹೆಣ್ಣುಗಳನ್ನು ಹಿರಿಯರು ಕಣ್ಣಂಚಿನಲ್ಲೇ ಅಳೆಯುವುದು, ಇದು ಅದರ ತಿರುಳು. ದಾಯಾದಿಗಳೇ ಇಲ್ಲದವರು ದಾಯಾದಿಗಳ ಕೂಟವನ್ನು ಮಾಡಿಕೊಳ್ಳುವ ಬಗೆ ಇದು. ಹೊರದೇಶದ ಚರಿತ್ರೆಯೂ ಈ ಮಾತಿಗೆ ಒತ್ತು ಕೊಡುತ್ತದೆ. ಅಮೆರಿಕದಲ್ಲಿ ಬಯಲು ಶಿಬಿರಗಳ ಆರಾಧನೆ ಹೆಸರಾದದ್ದು 1801ರ ಆಗಸ್ಟಿನಲ್ಲಿ, ಕೆಂಟಕಿಯ ಕೇನ್ ರಿಜ್ ಎಂಬಲ್ಲಿ. ಗಾಡಿ ಕಟ್ಟಿಕೊಂಡು, ಬುತ್ತಿ ಹೇರಿಕೊಂಡು, ಸಂಸಾರ ಸಮೇತ ಸಾವಿರಾರು ಜನ ನೆರೆದಿದ್ದರು. ಅವರು ಬಂದದ್ದು ಹಳೆಯ ತುಂಬಿದ ಪಟ್ಟಣಗಳಿಂದ ಅಲ್ಲ, ನಂಟರಿಷ್ಟರನ್ನು ಪೂರ್ವ ತೀರದಲ್ಲೇ ಬಿಟ್ಟು ಕಾಡು ಕಡಿದು ನೆಲೆಸಿದ್ದ ಒಂಟಿ ಮನೆಗಳಿಂದ. ನಮ್ಮ ಕಡೆಯ ಬಿಳಿ ಮಿಷನರಿಗಳೂ ಅಷ್ಟೇ. ಮದುರೆಯ ಅಮೆರಿಕನ್ನರು 1845ರಲ್ಲಿ ಕೊಡೈಕೆನಾಲಿನಲ್ಲಿ ಬಂಗಲೆ ಕಟ್ಟಿಕೊಂಡರು, ಬಾಸೆಲಿನವರಿಗೆ 1840ರ ದಶಕದಲ್ಲಿ ನೀಲಗಿರಿಯ ಕೇಟಿಯಲ್ಲಿ ನೆಲೆ ದೊರೆಯಿತು. ಬೆಟ್ಟದ ತಂಪಿನಲ್ಲಿ ಅವರು ಹುಡುಕಿದ್ದು ಆರೋಗ್ಯವನ್ನಷ್ಟೇ ಅಲ್ಲ, ತಮ್ಮಂಥದೇ ಇನ್ನೊಂದು ಸಂಸಾರದ ಪಕ್ಕದಲ್ಲಿ ಕೆಲವು ವಾರ ಇರುವ ಸುಖವನ್ನು.

ಈಗ ಕಾಳಿಯ ದಂಡೆಗೆ ಹಿಂದಿರುಗೋಣ. ಕಾರವಾರದ ಕ್ಯಾಥೊಲಿಕರನ್ನು ಯಾವ ಮಿಷನರಿಯೂ ಇಲ್ಲಿಗೆ ಬಂದು ಒಬ್ಬೊಬ್ಬರನ್ನಾಗಿ ಆರಿಸಿಕೊಂಡದ್ದಲ್ಲ. ಹದಿನಾರನೆಯ ಶತಮಾನದಿಂದ ಮುಂದೆ ಗೋವೆಯಿಂದ ಅಲೆ ಅಲೆಯಾಗಿ ದಕ್ಷಿಣಕ್ಕೆ ಬಂದ ಮನೆತನಗಳು ಇವರ ಮೂಲ. 1560ರಲ್ಲಿ ಗೋವೆಗೆ ಬಂದ ಇನ್‌ಕ್ವಿಜಿಶನ್ ಒಂದು ಕಾರಣ, ಬರ, ರೋಗ, ತೆರಿಗೆ, ಮರಾಠರ ದಾಳಿ ಉಳಿದವು. ಬಂದವರು ದೇವರನ್ನು, ಅಜ್ಜಿಯನ್ನು, ಬೀಜದ ಭತ್ತವನ್ನು ಒಟ್ಟಿಗೇ ತಂದರು. ಉಪ್ಪುನೀರಿಗೆ ಒಡ್ಡು ಕಟ್ಟಿ ಬೆಳೆ ತೆಗೆಯುವ ವಿದ್ಯೆ ಗೋವೆಯ ಹಳ್ಳಿಗಳಲ್ಲಿ ಹಳೆಯದು, ಇಲ್ಲಿಯ ಗಜನಿ ಗದ್ದೆಗಳೂ ಬೇಡುವುದು ಅದೇ ವಿದ್ಯೆಯನ್ನು. ಒಡ್ಡು ಒಂದು ಮನೆಯಿಂದ ನಿಲ್ಲುವುದಲ್ಲ. ಹತ್ತು ಮನೆಯವರು ಮಣ್ಣು ಹೊತ್ತರೆ ಮಾತ್ರ ಭರತ ತಡೆಯುತ್ತದೆ. ಅಂಥ ಭೂಮಿಯನ್ನು ನಂಬಿದ ಒಕ್ಕಲು ಚದುರಿಹೋಗುವುದು ಕಷ್ಟ.

ಇಂಥ ಮನೆಗಳನ್ನು ಹುಡುಕಿಕೊಂಡು ಬಂದವರು ಜುಜೆ ವಾಜ್. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಕೊಂಕಣಿ ಪಾದ್ರಿ ಇವರು. 1681ರಿಂದ 1684ರವರೆಗೆ ಕೆನರಾದಲ್ಲಿ ಊರೂರು ನಡೆದು, ಪಾದ್ರಿಯಿಲ್ಲದೆ ಉಳಿದಿದ್ದ ಸಂಸಾರಗಳ ಮಕ್ಕಳಿಗೆ ದೀಕ್ಷೆ ಕೊಟ್ಟು, ಮದುವೆ ಮಾಡಿಸಿ, ಮುರಿದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು. ಪೋರ್ಚುಗಲ್ಲಿನ ರಾಜನ ಹಕ್ಕಿಗೆ ಸೇರಿದ ಪಾದ್ರಿಗಳು ಒಂದು ಕಡೆ, ರೋಮಿನಿಂದ ನೇರ ನೇಮಕಗೊಂಡ ಬಿಷಪ್ ಇನ್ನೊಂದು ಕಡೆ, ನಡುವೆ ಅಧಿಕಾರದ ಜಗಳ. ಅದರಲ್ಲೂ ಇವರು ಸೌಮ್ಯರಾಗಿ ನಡೆದುಕೊಂಡರು. 1687ರಲ್ಲಿ ಕೂಲಿಯವನ ವೇಷದಲ್ಲಿ ಲಂಕೆಗೆ ಇಳಿದರು. ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ಅಟ್ಟಿಬಿಟ್ಟಿದ್ದ ನಾಡು ಅದು. ಅಲ್ಲಿಯೂ ಅವರು ಮಾಡಿದ್ದು ಅದೇ ಕೆಲಸ: ಮನೆಯೊಳಗೆ ಗುಟ್ಟಾಗಿ ಜಪ ಉಳಿಸಿಕೊಂಡಿದ್ದ ಸಂಸಾರಗಳನ್ನು ರಾತ್ರಿ ಹೊತ್ತು ಹುಡುಕುವುದು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಸಾರಿದರು. ದೂರದೇಶದ ಮಿಷನರಿ ಎಂದರೆ ಬಿಳಿಯನೇ ಎಂದು ತಿಳಿದವರು ಈ ಕೊಂಕಣಿಗನನ್ನು ಸ್ವಲ್ಪ ನೆನೆಯಬೇಕು.

ಕಾರವಾರದ ಕ್ಯಾಥೊಲಿಕ್ ಬದುಕಿನಲ್ಲಿ ಶಿಬಿರಕ್ಕೆ ಸಮನಾದದ್ದು ಏನು ಎಂದು ಕೇಳಿದರೆ, ದಿನವೂ ಸಂಜೆ ಮನೆಯಲ್ಲಿ ನಡೆಯುವ ತೆರ್ಸ್ ಎನ್ನಬೇಕು. ಜಪಸರದ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಬೇಡುತ್ತಾರೆ. ಪಾದ್ರಿಯ ಅಗತ್ಯವೇ ಇಲ್ಲದ ಆಶೀರ್ವಾದ ಅದು. ಕೇರಿಯ ಶಿಲುಬೆಯ ಮುಂದೆ ವರ್ಷಕ್ಕೊಮ್ಮೆ ಲದಿನ್ ಎಂಬ ಪ್ರಾರ್ಥನೆ ಹಾಡಿ ಬೇಯಿಸಿದ ಕಡಲೆ ಹಂಚುವ ರೂಢಿ ಗೋವೆ ಸೀಮೆಯ ಕಡೆ ಇದೆ, ಅದಕ್ಕೆ ನೆರೆಯ ಹಿಂದೂಗಳೂ ಬರುತ್ತಾರೆ. ಕೆನರಾದ ಕ್ಯಾಥೊಲಿಕ್ ವಾಳೆಗಳಿಗೆ, ಅಂದರೆ ಕೇರಿಗಳಿಗೆ, ಗುರ್ಕಾರ ಎಂಬ ಗೃಹಸ್ಥ ಮುಂದಾಳು ಇರುತ್ತಿದ್ದ. ಈ ಕಟ್ಟುಪಾಡಿನ ಗಟ್ಟಿತನ ತಿಳಿದದ್ದು 1784ರ ನಂತರ. ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ಬಿದ್ದವು, ಪಾದ್ರಿಗಳು ಗಡಿಪಾರಾದರು. 1799ರಲ್ಲಿ ಬಿಡುಗಡೆಯಾಗಿ ಬಂದವರು ಮನೆ ಕಟ್ಟಿಕೊಂಡರು, ಇಗರ್ಜಿಗಳೂ ಮತ್ತೆ ಎದ್ದವು.

ಕೂಟವೇ ಇರಲಿಲ್ಲವೆಂದಲ್ಲ. ಕಾರವಾರದ ಎದುರಿನ ಅಂಜದೀವ ನಡುಗಡ್ಡೆಯಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಿದ್ದರು. ಅಲ್ಲಿಯ ಬ್ರೋತಾಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ಫೆಬ್ರವರಿ 2ರಂದು ಗೋವೆಯಿಂದ, ಕಾರವಾರದಿಂದ ದೋಣಿಗಳಲ್ಲಿ ಸಂಸಾರಗಳು ಹೋಗುತ್ತಿದ್ದವು. ಅದೇ ಕಡಲಿನ ಕೂರ್ಮಗಡಕ್ಕೆ ಜನವರಿ ಹೊತ್ತಿನ ಹುಣ್ಣಿಮೆಗೆ ನರಸಿಂಹನ ಜಾತ್ರೆಗೆಂದು ದೋಣಿ ತುಂಬಿ ಬಾಳೆಗೊನೆ ಹೇರಿಕೊಂಡು ಹೋಗುವ ಮೀನುಗಾರ ಸಂಸಾರಗಳಿಗೂ ಅವರಿಗೂ ಬುತ್ತಿಯಲ್ಲಿ ಹೆಚ್ಚು ವ್ಯತ್ಯಾಸ ಇದ್ದಿರಲಾರದು. ಕೂರ್ಮಗಡದ ಜಾತ್ರೆ ಈಗಲೂ ನಡೆಯುತ್ತದೆ. ಅಂಜದೀವ ನೌಕಾಪಡೆಯ ಸೀಬರ್ಡ್ ನೆಲೆಯ ಒಳಗಾಯಿತು, ಭಕ್ತರಿಗೆ ದಾರಿ ಮುಚ್ಚಿತು. ಆದರೂ ಕಾರವಾರದ ಕ್ಯಾಥೊಲಿಕರು ಕರಗಿಹೋಗಲಿಲ್ಲ. ಅವರನ್ನು ಹಿಡಿದಿಟ್ಟದ್ದು ವರ್ಷಕ್ಕೊಮ್ಮೆಯ ಕೂಟವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿಂದ ಅಂಕೋಲೆಯ ಕಡೆ ಹೊರಳಿದರೆ ವಾದಕ್ಕೆ ಮೂರನೆಯ ಸಾಕ್ಷಿ ಸಿಗುತ್ತದೆ. ಹಾಲಕ್ಕಿ ಒಕ್ಕಲಿಗರು ಬಡವರು, ಗೇಣಿಗೆ ದುಡಿದವರು, ಮೇಲಿನವರಿಂದ ಕೀಳಾಗಿ ಕಾಣಿಸಿಕೊಂಡವರು. ಮಿಷನ್ನಿಗೆ ಒಲಿಯುವವರು ಬಡವರೇ ಎಂಬ ಸಾಮಾನ್ಯ ನಂಬಿಕೆಯ ಪ್ರಕಾರ ಇವರ ಕೊಪ್ಪಗಳಲ್ಲಿ ಶಿಲುಬೆ ಏಳಬೇಕಿತ್ತು. ಏಳಲಿಲ್ಲ. ಊರಿಗೊಬ್ಬ ಗೌಡ, ಅವನ ಜೊತೆಗೆ ಬುಧವಂತ, ಕೋಲಕಾರ, ಮೇಲೆ ಸೀಮೆಯ ನ್ಯಾಯ, ಸುಗ್ಗಿಯ ಕುಣಿತ, ಸುಕ್ರಿ ಬೊಮ್ಮಗೌಡರಂಥವರ ಬಾಯಲ್ಲಿ ಉಳಿದು ಬಂದ ಹಾಡಿನ ರಾಶಿ. ಸಾವಿಗೆ, ಮದುವೆಗೆ, ಜಗಳಕ್ಕೆ ಬೇಕಾದದ್ದೆಲ್ಲ ಕೇರಿಯೊಳಗೇ ಇದ್ದವರಿಗೆ ಹೊರಗಿನ ಕುಲ ಬೇಕಾಗಲಿಲ್ಲ ಎಂದೇ ನನ್ನ ಎಣಿಕೆ. ಮುಂದೆ ಶಾಲೆಯ ಆಮಿಷಕ್ಕೂ ಇಲ್ಲಿ ಎಡೆ ಉಳಿಯಲಿಲ್ಲ. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸಾಯಿಟಿಯ ಅಲ್ಪ ಸಂಬಳದಲ್ಲಿ ಬದುಕಿ, ರೈತ ಚಳವಳಿಗಾಗಿ ಜಿಲ್ಲೆಯಿಂದ ಗಡಿಪಾರಾಗಿ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ ದಿನಕರ ದೇಸಾಯಿಯವರು ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮಿಷನರಿಯ ಶ್ರದ್ಧೆಗೆ ಮಿಷನ್ ಬೇಕೇಬೇಕೆಂದಿಲ್ಲ.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಗೋವೆಯಲ್ಲಿ ಈ ಮನೆತನಗಳ ಮೂಲಪುರುಷರನ್ನು ಮತಾಂತರಿಸುವಾಗಲೂ ಬಲ ಇತ್ತು, ಗುಡಿಗಳು ಬಿದ್ದವು, ಅನಾಥ ಮಕ್ಕಳನ್ನು ಕಿತ್ತುಕೊಂಡರು. ಅಲ್ಲಿ ಮನೆ ಮುರಿಯಲಿಲ್ಲವೇ ಎನ್ನಬಹುದು. ಮುರಿಯಿತು. ಆದರೆ ಎಷ್ಟೋ ಕಡೆ ಹಳ್ಳಿಯ ಕೂಟಗಳು, ಮನೆತನಗಳು ಇಡಿಯಾಗಿ ದಾಟಿದ್ದರಿಂದ ದಾಟಿದವರಿಗೆ ಆಚೆ ದಡದಲ್ಲೂ ಅಣ್ಣತಮ್ಮಂದಿರು ಸಿಕ್ಕರು. ಬಲಾತ್ಕಾರದ ಪಾಪ ಇದರಿಂದ ಕರಗುವುದಿಲ್ಲ. ಕ್ರೌರ್ಯ ಹೆಚ್ಚಿದ್ದ ಕಡೆ ಸಂಸಾರ ಉಳಿಯಿತು, ಮನವೊಲಿಕೆಯ ಕಡೆ ಸಂಸಾರ ಒಡೆಯಿತು ಎಂಬ ವಿಪರ್ಯಾಸವನ್ನು ಚರಿತ್ರೆ ನಮ್ಮ ಮುಂದೆ ಇಟ್ಟಿದೆ, ಅಷ್ಟೇ.

ಇದಕ್ಕಿಂತ ತೀಕ್ಷ್ಣವಾದ ಆಕ್ಷೇಪ ಇನ್ನೊಂದು. ಮನೆತನವೇ ಇಡಿಯಾಗಿ ದಾಟಿದಾಗ ಜಾತಿಯೂ ಬೆನ್ನಮೇಲೆ ಕೂತು ದಾಟಿತು. ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರಡಿ, ಶುದಿರ ಎಂಬ ಭೇದ ಮದುವೆಯ ಮಾತು ಬಂದಾಗ ಇಂದಿಗೂ ತಲೆ ಎತ್ತುತ್ತದೆ. ಬಾಸೆಲಿನವರು ಕಟ್ಟಿದ ಕೃತಕ ಕುಲ ಜಾತಿಯನ್ನು ಹೊಸಿಲಲ್ಲೇ ಬಿಡಿಸಲು ಹಟ ಹಿಡಿಯಿತು, ಎಷ್ಟೋ ಮಟ್ಟಿಗೆ ಗೆದ್ದಿತು. ಹಾಗಾದರೆ ಮನೆ ಮುರಿದು ಕಟ್ಟಿದ್ದೇ ಮೇಲಲ್ಲವೇ? ಈ ಪ್ರಶ್ನೆಗೆ ಸುಲಭದ ಉತ್ತರ ನನ್ನಲ್ಲಿಲ್ಲ. ಮೇಲು ಎಂದು ಒಪ್ಪಲೂ ನಾನು ಸಿದ್ಧ. ನನ್ನ ವಾದ ಯಾವುದು ಮೇಲು ಎಂಬುದರ ಮೇಲಿಲ್ಲ, ಯಾವುದಕ್ಕೆ ಏನು ಬೇಕಾಯಿತು ಎಂಬುದರ ಮೇಲಿದೆ. ಹುಟ್ಟಿನ ನಂಟನ್ನು ಬಿಟ್ಟುಬಂದವರಿಗೆ ಸಮಾನತೆ ದಕ್ಕಿತು, ಅದಕ್ಕಾಗಿಯೇ ಅವರು ನಂಟನ್ನು ವರ್ಷವರ್ಷವೂ ಹೊಸದಾಗಿ ನೇಯಬೇಕಾಯಿತು. ಮತಾಂತರಕ್ಕೆ ಬಲೆ ಬೀಸುವ ತಾಣವೆಂದು ಶಿಬಿರಗಳನ್ನು ಅನುಮಾನಿಸುವವರಿಗೂ ಇದೇ ಉತ್ತರ. ಕುಟುಂಬ ಶಿಬಿರಕ್ಕೆ ಬರುವವರು ನಾಲ್ಕೈದು ತಲೆಮಾರಿನ ಕ್ರೈಸ್ತರು, ಅಲ್ಲಿ ಹೊಸಬರಿಗಿಂತ ಹಳಬರ ಮೊಮ್ಮಕ್ಕಳ ಚಿಂತೆಯೇ ದೊಡ್ಡದು.

ಆ ನೇಯ್ಗೆ ಗಟ್ಟಿಯಾಯಿತೇ ಎಂಬುದಕ್ಕೆ ಮೊದಲ ಮಹಾಯುದ್ಧ ಪರೀಕ್ಷೆ ಒಡ್ಡಿತು. 1914ರ ನಂತರ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಗಂಡಸರನ್ನು ಅಹಮದ್‌ನಗರದ ಸೆರೆ ಶಿಬಿರಕ್ಕೆ ಹಾಕಿದರು, ಆಮೇಲೆ ಸಂಸಾರಗಳನ್ನು ಗೋಲ್ಕೊಂಡಾ ಎಂಬ ಹಡಗಿನಲ್ಲಿ ಊರಿಗೆ ಸಾಗಿಸಿದರು. ಹೆಂಚು, ಮಗ್ಗಗಳ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಕಟ್ಟಿದವರು ಹೋದರು, ಅನ್ನ ಕೊಟ್ಟ ಕಾರ್ಖಾನೆಯೂ ಹೋಯಿತು. ಸಭೆಗಳು ಮಾತ್ರ ದೇಶೀಯ ಪಾದ್ರಿಗಳ, ಹಿರಿಯರ ಕೈಯಲ್ಲಿ ಉಳಿದವು. ದಕ್ಷಿಣ ಕೆನರಾದವು 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯನ್ನು ಸೇರಿದವು. ಎಂಬತ್ತು ವರ್ಷಗಳಲ್ಲಿ ಕೃತಕ ಕುಲ ನಿಜವಾದ ಕುಲವಾಗಿತ್ತು.

ಕಾರವಾರದ ಕಡೆಯೇ ಈಗ ಗಾಳಿ ಬದಲಾಗುತ್ತಿದೆ. ಗದ್ದೆಗಳು ಬೀಳು ಬಿದ್ದಿವೆ, ಒಡ್ಡು ಕಾಯುವ ಕೈಗಳು ಮುಂಬಯಿಗೆ, ಗೋವೆಗೆ, ಕೊಲ್ಲಿ ದೇಶಗಳಿಗೆ ಹೋಗಿವೆ. ಸೀಬರ್ಡ್ ಯೋಜನೆ ಕಡಲಂಚಿನ ಊರುಗಳನ್ನು ಎಬ್ಬಿಸಿತು. ಇಡೀ ಜಿಲ್ಲೆಗೆ 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಸ್ವಂತ ಧರ್ಮಪ್ರಾಂತ್ಯ ಇದೆ, ಪಾದ್ರಿಗಳಿಗೆ ಕೊರತೆಯಿಲ್ಲ. ಆದರೆ ಸಂಜೆಯ ತೆರ್ಸಿಗೆ ಎಷ್ಟೋ ಮನೆಗಳಲ್ಲಿ ಉಳಿದವರು ಮುದುಕರಿಬ್ಬರು. ಮನೆಯ ಮೇಲೆ ನಿಂತ ಧರ್ಮಕ್ಕೆ ಮನೆಯೇ ಖಾಲಿಯಾದರೆ ಬಾಸೆಲಿನ ಮಾರ್ಗವೇ ಗತಿ: ಕೂಟ, ಶಿಬಿರ, ಹೇಳಿಕೇಳಿ ಸೇರಿಸುವ ಸಂಸಾರ. ಅದು ಸೋಲೆಂದು ನಾನು ಎಣಿಸುವುದಿಲ್ಲ. ಮಂಗಳೂರಿನವರು ಅದನ್ನು ಮಾಡಿ ತೋರಿಸಿದ್ದಾರೆ.

ಈ ವಾದವನ್ನು ಒರೆಗೆ ಹಚ್ಚುವ ಸಾಮಗ್ರಿ ದೂರದ ಬಾಸೆಲಿನಲ್ಲೇ ಇರಬೇಕಾಗಿಲ್ಲ. ದೀಕ್ಷೆ, ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟಿನ ಮಹಾಸಭೆ 1563ರಲ್ಲೇ ಕಟ್ಟಳೆ ಮಾಡಿದ ಮೇಲೆ ಕ್ಯಾಥೊಲಿಕ್ ಇಗರ್ಜಿಗಳು ಅಂಥ ದಫ್ತರ ಇಡುತ್ತ ಬಂದಿವೆ. ಯಾರ ಮಗಳು ಯಾವ ಊರಿಗೆ ಹೋದಳು, ಯಾವ ಮನೆತನ ಎಲ್ಲಿಂದ ಬಂತು, ಯಾವ ವರ್ಷ ಎಷ್ಟು ಕೂಸುಗಳಿಗೆ ದೀಕ್ಷೆಯಾಯಿತು ಎಂಬುದೆಲ್ಲ ಅದರಲ್ಲೇ ಸಿಗುವಂಥದು. ಬಾಸೆಲ್ ಮಿಷನ್ನಿನ ಕಾಗದಪತ್ರಗಳನ್ನು ನಮ್ಮ ವಿದ್ವಾಂಸರು ಸಮುದ್ರ ದಾಟಿ ಹೋಗಿ ಓದಿದ್ದಾರೆ. ಕಾರವಾರ, ಅಂಕೋಲೆಯ ಕಾಲೇಜುಗಳಲ್ಲಿ ಇತಿಹಾಸ ಕಲಿಸುವವರು, ಕಲಿಯುವವರು ಬಸ್ಸಿನಲ್ಲಿ ಹೋಗಿ ಇಗರ್ಜಿಯ ಈ ದಫ್ತರಗಳನ್ನು ಓದಲಿ, ಇಗರ್ಜಿಯ ಪಾದ್ರಿಗಳು ಗೆದ್ದಲು ಹತ್ತುವ ಮೊದಲು ಕಪಾಟು ತೆರೆದು ತೋರಿಸಲಿ.